ಪ್ರೋಗ್ರಾಮುಗಳ ಭಂಡಾರ: ಗಣನವಿದ್ಯೆಯ ಒಂದು ಪದ್ಧತಿಯ ಪೂರ್ವೋತ್ತರ

ಮಹಾಕ್ರಾಂತಿಯ ತರುವಾಯ ಫ್ರಾನ್ಸ್ ದೇಶವು ತನ್ನ ಅಳತೆಗಳನ್ನೆಲ್ಲ ದಶಮಾಂಶ ಪದ್ಧತಿಗೆ ತರಬೇಕೆಂದು ಸಂಕಲ್ಪಿಸಿದಾಗ, ಆ ಹೊಸ ಅಳತೆಗಳಿಗೆ ಹೊಂದುವ ಲಾಗರಿತಮ್ ಮತ್ತು ತ್ರಿಕೋನಮಿತಿಯ ಕೋಷ್ಟಕಗಳನ್ನು ಆಮೂಲಾಗ್ರವಾಗಿ ರಚಿಸತಕ್ಕ ಹೊಣೆಯು 1790ರ ದಶಕದಲ್ಲಿ ಗಾಸ್ಪಾರ್ ದ ಪ್ರೋನಿ ಎಂಬ ಎಂಜಿನಿಯರನ ಮೇಲೆ ಬಿದ್ದಿತು. ಲಕ್ಷಗಟ್ಟಲೆ ಸಂಖ್ಯೆಗಳನ್ನು ಕೆಲವೇ ಪಂಡಿತರು ಕುಳಿತು ಗುಣಿಸಿ ಮುಗಿಸುವುದು ಒಂದು ಜನ್ಮದ ಕೆಲಸವಲ್ಲವೆಂದು ಕಂಡುಕೊಂಡ ಆತನು, ಆಡಂ ಸ್ಮಿತ್ತನ ಗ್ರಂಥದಲ್ಲಿ ಗುಂಡುಸೂಜಿಯ ಕಾರ್ಖಾನೆಯ ವರ್ಣನೆಯನ್ನು ಓದಿ, ಸೂಜಿಗಳನ್ನು ಮಾಡುವಂತೆಯೇ ಸಂಖ್ಯೆಗಳನ್ನೂ ಮಾಡಬಹುದೆಂದು ಯೋಚಿಸಿ, ಕೆಲಸವನ್ನು ಮೂರು ಅಂತಸ್ತುಗಳಾಗಿ ವಿಭಾಗಿಸಿದನು. ಮೇಲಿನ ಅಂತಸ್ತಿನಲ್ಲಿ ಸೂತ್ರಗಳನ್ನು ಆರಿಸುವ ಬೆರಳೆಣಿಕೆಯ ಗಣಿತಜ್ಞರು. ನಡುವೆ ಆ ಸೂತ್ರಗಳನ್ನು ಬಿಡಿಸಿ ಕಾಗದದ ಮನೆಗಳಲ್ಲಿ ತುಂಬಿಸಲು ಅಣಿಮಾಡುವ ಕೆಲವು ಮಂದಿ ಲೆಕ್ಕಿಗರು. ಕೆಳಗೆ ಕೂಡುವುದು ಕಳೆಯುವುದು ಇವೆರಡನ್ನುಳಿದು ಮತ್ತೇನನ್ನೂ ಅರಿಯಬೇಕಾಗಿಲ್ಲದ ಅನೇಕರು. ಈ ಕೊನೆಯವರಲ್ಲಿ, ಕುಲೀನರ ಕೇಶಾಲಂಕಾರಗಳು ಕುಲೀನರೊಡನೆಯೇ ಮಾಯವಾದುದರಿಂದ ಉದ್ಯೋಗವನ್ನು ಕಳೆದುಕೊಂಡಿದ್ದ ಕ್ಷೌರಿಕರೂ ಇದ್ದರೆಂದು ಹೇಳುವುದುಂಟು. ಇಡಿಯ ಲೆಕ್ಕವನ್ನು ಎರಡು ಸಲ, ಒಂದನ್ನು ಮಾಡಿದವರು ಇನ್ನೊಂದನ್ನು ನೋಡದಂತೆ ಮಾಡಿಸಿ, ಎರಡು ಪ್ರತಿಗಳನ್ನು ಹೋಲಿಸುವ ಕ್ರಮವನ್ನೂ ಪ್ರೋನಿ ಇಟ್ಟುಕೊಂಡಿದ್ದನು.

ಯಂತ್ರವಿಲ್ಲದ ಆ ಕಾಲದಲ್ಲಿಯೇ, ಇಂದು ಸಾಫ್ಟ್‌ವೇರ್ ವಿನ್ಯಾಸವೆಂದು ನಾವು ಕರೆಯುವ ವಿದ್ಯೆಯ ಎರಡು ಮುಖ್ಯ ನಿಯಮಗಳು ಇಲ್ಲಿ ಕಾಣಿಸಿಕೊಂಡಿವೆಯೆಂಬುದನ್ನು ಗಮನಿಸಬೇಕು. ದೊಡ್ಡ ಕೆಲಸವನ್ನು ತಮ್ಮತಮ್ಮಲ್ಲೇ ಪೂರ್ಣವಾದ ಸಣ್ಣ ಕೆಲಸಗಳಾಗಿ ಒಡೆದು, ಪ್ರತಿಯೊಂದು ತುಣುಕೂ ಉಳಿದವುಗಳ ಒಳಗುಟ್ಟನ್ನು ಅರಿಯದೆಯೇ ನಡೆಯುವಂತೆ ಮಾಡತಕ್ಕದ್ದು ಒಂದು. ಬಂದ ಉತ್ತರವನ್ನು ನಂಬುವ ಮೊದಲು ಅದನ್ನು ಇನ್ನೊಂದು ದಾರಿಯಿಂದ ಪಡೆದು ಒರೆಹಚ್ಚತಕ್ಕದ್ದು ಇನ್ನೊಂದು. ಆದರೆ ಈ ನಿಯಮಗಳು ಮುಂದೆ ಮರೆತುಹೋಗಿ, ಯಂತ್ರಗಳು ಬಂದಮೇಲೆ ಮತ್ತೆ ಹೊಸದಾಗಿ, ಅದೂ ಬಹಳ ಕಷ್ಟದಿಂದ, ಕಂಡುಹಿಡಿಯಲ್ಪಡಬೇಕಾಯಿತು. ಆ ಎರಡನೆಯ ಆವಿಷ್ಕಾರದ ಕಥೆಯೇ ಈ ಪ್ರಬಂಧದ ವಸ್ತು.

ಪ್ರೋನಿಯ ಕೋಷ್ಟಕಗಳನ್ನು ಪ್ಯಾರಿಸ್ಸಿನಲ್ಲಿ ಕಂಡು, ಮನುಷ್ಯರ ಕೆಳ ಅಂತಸ್ತಿನ ಬದಲು ಹಲ್ಲುಗಾಲಿಗಳನ್ನಿಡಬಹುದೆಂದು ಕನಸುಕಂಡ ಚಾರ್ಲ್ಸ್ ಬ್ಯಾಬೇಜನ ವೃತ್ತಾಂತವು ಎಲ್ಲರಿಗೂ ತಿಳಿದದ್ದೇ. ಅದನ್ನು ಇಲ್ಲಿ ವಿಸ್ತರಿಸುವುದಿಲ್ಲ. ಅವನಿಗಿಂತ ಒಂದು ಶತಮಾನ ಈಚಿನವನಾದ, ಹೆಸರು ಅಷ್ಟಾಗಿ ಕೇಳಿಬರದ ಲೆಸ್ಲಿ ಜಾನ್ ಕಾಮ್ರಿಯ ವಿಷಯವಾಗಿ ಎರಡು ಮಾತನ್ನು ಹೇಳಲೇಬೇಕು. ನ್ಯೂಜಿಲೆಂಡಿನಲ್ಲಿ ಹುಟ್ಟಿ, ಮೊದಲನೆಯ ಮಹಾಯುದ್ಧದಲ್ಲಿ ಒಂದು ಕಾಲನ್ನು ಕಳೆದುಕೊಂಡು, 1930ರಲ್ಲಿ ಬ್ರಿಟನ್ನಿನ ನಾವಿಕ ಪಂಚಾಂಗದ ಕಚೇರಿಗೆ ಮುಖ್ಯಸ್ಥನಾದ ಈತನು, ಅಂಗಡಿಯ ಲೆಕ್ಕಪತ್ರಕ್ಕೆಂದು ಮಾರಾಟವಾಗುತ್ತಿದ್ದ ಯಂತ್ರಗಳನ್ನು ಖಗೋಳದ ಲೆಕ್ಕಕ್ಕೆ ಹಚ್ಚಿದ ಚತುರ. ಕೋಷ್ಟಕದ ಪಕ್ಕಪಕ್ಕದ ಸಂಖ್ಯೆಗಳ ವ್ಯತ್ಯಾಸಗಳನ್ನೂ, ಆ ವ್ಯತ್ಯಾಸಗಳ ವ್ಯತ್ಯಾಸಗಳನ್ನೂ ತೆಗೆಯುತ್ತ ಹೋದರೆ, ಎಲ್ಲಿಯಾದರೂ ಒಂದು ಅಂಕಿ ತಪ್ಪಿದ್ದಲ್ಲಿ ಆ ತಪ್ಪು ಹಂತಹಂತಕ್ಕೆ ಬೆಳೆದು ಕಣ್ಣಿಗೆ ಹೊಡೆದು ಕಾಣಿಸುವುದೆಂಬ ಹಳೆಯ ಯುಕ್ತಿಯನ್ನು ಆತನು ದಿನನಿತ್ಯದ ವ್ರತವನ್ನಾಗಿ ಮಾಡಿಕೊಂಡಿದ್ದನು. ಮುಂದಿನ ಯುಗದ ಬಾಗಿಲನ್ನು ತೆರೆದವನೂ ಒಂದು ರೀತಿಯಲ್ಲಿ ಇವನೇ. 1946ರ ಮೇ ತಿಂಗಳಲ್ಲಿ ಅಮೆರಿಕದಿಂದ ಹಿಂದಿರುಗಿದ ಕಾಮ್ರಿಯು, ಆದೇಶಗಳನ್ನೂ ಅಂಕಿಗಳನ್ನೂ ಒಂದೇ ಸ್ಮೃತಿಯಲ್ಲಿ ಇಟ್ಟುಕೊಳ್ಳತಕ್ಕ ಯಂತ್ರವನ್ನು ಕುರಿತ ಫಾನ್ ನಾಯ್ಮನ್ನನ ವರದಿಯೊಂದನ್ನು ಕೇಂಬ್ರಿಜ್ಜಿನ ಮಾರಿಸ್ ವಿಲ್ಕ್ಸನಿಗೆ ಒಂದು ರಾತ್ರಿಯ ಮಟ್ಟಿಗೆ ಕೊಟ್ಟನು. ಪ್ರತಿ ತೆಗೆಯುವ ಸೌಕರ್ಯವಿಲ್ಲದ ಕಾಲವಾದುದರಿಂದ ವಿಲ್ಕ್ಸನು ರಾತ್ರಿಯೆಲ್ಲ ಎಚ್ಚರವಾಗಿದ್ದು ಅದನ್ನು ಓದಿದನು.

ವಿಲ್ಕ್ಸನು ಆಗ ಕೇಂಬ್ರಿಜ್ ವಿಶ್ವವಿದ್ಯಾನಿಲಯದ ಗಣಿತ ಪ್ರಯೋಗಶಾಲೆಯ ನಿರ್ದೇಶಕ. ಹಿಂದೆ ಅಂಗರಚನಾಶಾಸ್ತ್ರದ ಶಾಲೆಯಿದ್ದ ಹಳೆಯ ಕಟ್ಟಡವೊಂದರಲ್ಲಿ ಆ ಪ್ರಯೋಗಶಾಲೆ ನೆಲೆಸಿತ್ತು. ಅದೇ ವರ್ಷದ ಆಗಸ್ಟಿನಲ್ಲಿ ಇಂಥ ಯಂತ್ರಗಳನ್ನು ಕುರಿತು ಫಿಲಡೆಲ್ಫಿಯದಲ್ಲಿ ನಡೆದ ಉಪನ್ಯಾಸಮಾಲೆಯ ಕೊನೆಯ ಭಾಗಕ್ಕೆ ಹೇಗೋ ಹೋಗಿ ಸೇರಿಕೊಂಡು, ಹಿಂದಿರುಗುವ ಹಡಗಿನಲ್ಲಿಯೇ ತನ್ನ ಯಂತ್ರದ ರೂಪರೇಖೆಯನ್ನು ಬರೆಯತೊಡಗಿದ ಆತನು ಒಂದು ವಿವೇಕದ ನಿರ್ಧಾರವನ್ನು ಕೈಗೊಂಡನು. ಲೋಕದಲ್ಲೇ ಅತಿ ವೇಗದ ಯಂತ್ರವನ್ನು ಕಟ್ಟುವುದು ತನ್ನ ಗುರಿಯಲ್ಲ; ಗೊತ್ತಿರುವ ಭಾಗಗಳನ್ನೇ ಅವುಗಳ ಶಕ್ತಿಯ ಮೇರೆಯೊಳಗೆ ಸಾವಕಾಶವಾಗಿ ದುಡಿಸಿ, ವಿಶ್ವವಿದ್ಯಾನಿಲಯದ ವಿಜ್ಞಾನಿಗಳಿಗೆ ಆದಷ್ಟು ಬೇಗ ಉಪಯೋಗಕ್ಕೆ ಬರುವ ಯಂತ್ರವೊಂದನ್ನು ಸಿದ್ಧಪಡಿಸುವುದೇ ಗುರಿ. ಈ ನಿರ್ಧಾರದ ಮಹತ್ವವು ಯಂತ್ರದ ವಿಷಯಕ್ಕಿಂತಲೂ ಪ್ರೋಗ್ರಾಮಿನ ವಿಷಯದಲ್ಲಿ ಹೆಚ್ಚಾಗಿ ಕಂಡುಬಂದಿತೆಂದು ನನ್ನ ಅಭಿಪ್ರಾಯ. ಏತಕ್ಕೆಂದರೆ, ಯಂತ್ರವನ್ನು ಕಟ್ಟಿದವರೇ ಅದನ್ನು ಬಳಸುವ ಕಡೆ ಪ್ರೋಗ್ರಾಮು ಹೇಗಿದ್ದರೂ ನಡೆಯುತ್ತದೆ. ರಸಾಯನಶಾಸ್ತ್ರಜ್ಞನೂ ಖಗೋಳಜ್ಞನೂ ಬಾಗಿಲಲ್ಲಿ ಬಂದು ನಿಂತಾಗ ಮಾತ್ರವೇ, ಪ್ರೋಗ್ರಾಮನ್ನು ಬರೆಯುವುದಕ್ಕೂ ಒಂದು ನೀತಿ ಬೇಕೆಂಬುದು ಮನಸ್ಸಿಗೆ ಬರುತ್ತದೆ.

ಎಡ್ಸಾಕ್ ಎಂಬ ಹೆಸರಿನ ಆ ಯಂತ್ರವು 1949ರ ಮೇ 6ರಂದು ವರ್ಗಸಂಖ್ಯೆಗಳ ಪಟ್ಟಿಯೊಂದನ್ನು ಮುದ್ರಿಸಿ ತನ್ನ ಜೀವನವನ್ನು ಆರಂಭಿಸಿತು. ಸುಮಾರು 3000 ನಿರ್ವಾತ ನಳಿಕೆಗಳು. ಪಾದರಸವನ್ನು ತುಂಬಿದ, ಆಳುದ್ದದ ಉಕ್ಕಿನ ಕೊಳವೆಗಳಲ್ಲಿ ಶಬ್ದದ ಅಲೆಗಳಾಗಿ ಸುತ್ತುತ್ತಿರುವ ಸ್ಮೃತಿ. ಸೆಕೆಂಡಿಗೆ ಆರೇಳುನೂರು ಆದೇಶಗಳ ವೇಗ. ಆ ಸ್ಮೃತಿಯಲ್ಲಿ ಪೂರ್ಣವಾಗಿ ಬೆಳೆದಾಗಲೂ ಇದ್ದದ್ದು 1024 ಸ್ಥಾನಗಳು, ಮೊದಮೊದಲು ಅದರ ಅರ್ಧ. ಪ್ರೋಗ್ರಾಮು, ಅದರ ಅಂಕಿಗಳು, ನಡುವಿನ ಫಲಗಳು ಎಲ್ಲವೂ ಅಷ್ಟರಲ್ಲಿಯೇ ಹಿಡಿಯಬೇಕು. ಐದು ರಂಧ್ರಗಳ ಸಾಲಿನ ಕಾಗದದ ಪಟ್ಟಿಯ ಮೂಲಕ ಆದೇಶಗಳು ಒಳಹೋಗುತ್ತಿದ್ದವು. ದೂರಮುದ್ರಕವು ಉತ್ತರವನ್ನು ಅಚ್ಚಿಸುತ್ತಿತ್ತು.

ಯಂತ್ರವು ನಡೆಯಿತು, ಪ್ರೋಗ್ರಾಮು ನಡೆಯಲಿಲ್ಲ. ಬೆಳಕಿನ ಶಾಸ್ತ್ರದಲ್ಲಿ ಹುಟ್ಟಿ ಮುಂದೆ ಅನೇಕ ಕಡೆ ಬಳಕೆಗೆ ಬಂದ ಏರಿಯ ಅವಕಲ ಸಮೀಕರಣವನ್ನು ಬಿಡಿಸುವುದಕ್ಕೆಂದು ವಿಲ್ಕ್ಸನೇ ಒಂದು ಪ್ರೋಗ್ರಾಮನ್ನು ಬರೆದನು. ಅದರ ಪಟ್ಟಿಯೊಂದು ಕಾಲಾನಂತರದಲ್ಲಿ ಹೇಗೋ ಉಳಿದು ಬಂದು, ಇತಿಹಾಸಕಾರರ ಕೈಗೆ ಸಿಕ್ಕಿತು. ಅದರಲ್ಲಿದ್ದ ಆದೇಶಗಳು 126. ತಪ್ಪುಗಳು ಸುಮಾರು ಇಪ್ಪತ್ತು! ಗಣಿತದಲ್ಲಿ ನಿಷ್ಣಾತನಾದ, ಯಂತ್ರವನ್ನು ತಾನೇ ಕಟ್ಟಿದ ಮನುಷ್ಯನ ಕೈಬರಹವಿದು. ಯಂತ್ರದ ಕೊಠಡಿಗೂ ಪಟ್ಟಿ ಕೊರೆಯುವ ಉಪಕರಣಕ್ಕೂ ನಡುವೆ ಮೆಟ್ಟಿಲನ್ನು ಹತ್ತಿ ಇಳಿಯುತ್ತಿದ್ದಾಗ, ತನ್ನ ಉಳಿದ ಆಯುಸ್ಸಿನ ಒಳ್ಳೆಯ ಪಾಲು ತನ್ನದೇ ಪ್ರೋಗ್ರಾಮುಗಳ ತಪ್ಪುಗಳನ್ನು ಹುಡುಕುವುದರಲ್ಲಿಯೇ ಕಳೆದುಹೋಗಲಿದೆಯೆಂಬ ಅರಿವು ಒಮ್ಮೆಗೇ ತನ್ನ ಮೇಲೆ ಎರಗಿತೆಂದು ಆತನು ಬಹುಕಾಲದ ಮೇಲೆ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾನೆ. ಅದಕ್ಕೆ ಹಿಂದೆ ಯಾರೂ, ಪ್ರೋಗ್ರಾಮನ್ನು ತಪ್ಪಿಲ್ಲದೆ ಬರೆಯುವುದು ಇಷ್ಟು ದುಸ್ಸಾಧ್ಯವೆಂದು ಎಣಿಸಿರಲಿಲ್ಲ. ಯಂತ್ರವನ್ನು ಕಟ್ಟುವುದೇ ಕಷ್ಟ, ಅದಕ್ಕೆ ಹೇಳಿಕೊಡುವುದು ಸುಲಭ ಎಂದೇ ಎಲ್ಲರ ಭಾವನೆ.

ಈ ಅರಿವಿನಿಂದ ಹುಟ್ಟಿದ ಪರಿಹಾರವು ಪರಿಹಾರವೆಂಬುದಕ್ಕಿಂತ ಒಂದು ಪದ್ಧತಿಯೆಂದರೆ ಸರಿಹೋಗುತ್ತದೆ. ಒಮ್ಮೆ ಒಬ್ಬನು ತಪ್ಪಿಲ್ಲದೆ ಬರೆದು ಪರೀಕ್ಷಿಸಿದ ತುಣುಕನ್ನು ಇನ್ನೊಬ್ಬನು ಮತ್ತೆ ಬರೆಯಕೂಡದು. ವರ್ಗಮೂಲವನ್ನು ತೆಗೆಯುವುದು, ಘಾತವನ್ನು ಕಂಡುಹಿಡಿಯುವುದು, ಅಂಕಿಗಳನ್ನು ಸಾಲಾಗಿ ಮುದ್ರಿಸುವುದು, ಅನುಕಲನ ಮಾಡುವುದು ಇವೆಲ್ಲ ಎಲ್ಲರಿಗೂ ಬೇಕಾಗುವ ಕೆಲಸಗಳಾದುದರಿಂದ ಅವುಗಳನ್ನು ಸಬ್‌ರುಟೀನುಗಳೆಂಬ ಪ್ರತ್ಯೇಕ ಪಟ್ಟಿಗಳಲ್ಲಿ ಕೊರೆದಿಟ್ಟು, ಬೇಕಾದವರು ತಮ್ಮ ಪಟ್ಟಿಯೊಳಕ್ಕೆ ಪ್ರತಿಮಾಡಿಕೊಳ್ಳಲಿ ಎಂಬುದು ಯೋಜನೆ. ಹೇಳುವುದಕ್ಕೆ ಸರಳವಾದರೂ ಮಾಡುವುದಕ್ಕೆ ಎರಡು ದೊಡ್ಡ ಅಡಚಣೆಗಳಿದ್ದವು. ಸ್ಮೃತಿಯ ಇಂಥ ಸ್ಥಾನದಿಂದ ಇಂಥ ಸ್ಥಾನಕ್ಕೆ ಎಂದು ಬರೆದ ಆದೇಶಗಳು ಬೇರೊಂದು ಪ್ರೋಗ್ರಾಮಿನಲ್ಲಿ ಬೇರೊಂದು ಜಾಗದಲ್ಲಿ ಕುಳಿತರೆ ಕೆಡುತ್ತವೆ. ಮತ್ತು ಒಂದೇ ತುಣುಕನ್ನು ಪ್ರೋಗ್ರಾಮಿನ ಹಲವು ಎಡೆಗಳಿಂದ ಕರೆಯುವುದಾದರೆ, ಕೆಲಸ ಮುಗಿದ ಮೇಲೆ ಎಲ್ಲಿಗೆ ಹಿಂದಿರುಗಬೇಕೆಂಬುದು ಆ ತುಣುಕಿಗೆ ತಿಳಿಯುವ ಬಗೆಯೆಂತು?

ಈ ಎರಡು ಗಂಟುಗಳನ್ನೂ ಬಿಡಿಸಿದವನು ಡೇವಿಡ್ ವೀಲರ್ ಎಂಬ ಇಪ್ಪತ್ತೆರಡು ವರ್ಷದ ಸಂಶೋಧನ ವಿದ್ಯಾರ್ಥಿ. ಯಂತ್ರವನ್ನು ಹೊತ್ತಿಸಿದೊಡನೆ ತಾನಾಗಿಯೇ ಸ್ಮೃತಿಯನ್ನು ಸೇರಿ, ಪಟ್ಟಿಯನ್ನು ಓದಿಕೊಳ್ಳತಕ್ಕ ಆರಂಭಿಕ ಆದೇಶಗಳ ಮೊದಲ ಪಾಠವನ್ನು ಕೇವಲ 31 ಆದೇಶಗಳಲ್ಲಿ ರಚಿಸಿದ್ದ ಆತನು, ಅದೇ ವರ್ಷದ ಶರತ್ಕಾಲದ ಹೊತ್ತಿಗೆ 41 ಆದೇಶಗಳ ಎರಡನೆಯ ಪಾಠವನ್ನು ಸಿದ್ಧಪಡಿಸಿದನು. ಇದು ಪಟ್ಟಿಯ ಮೇಲೆ ಅಕ್ಷರಗಳಲ್ಲಿಯೂ ದಶಮಾನ ಸಂಖ್ಯೆಗಳಲ್ಲಿಯೂ ಬರೆದದ್ದನ್ನು ಯಂತ್ರದ ಭಾಷೆಗೆ ತಾನೇ ಪರಿವರ್ತಿಸುತ್ತಿದ್ದುದಲ್ಲದೆ, ಸಬ್‌ರುಟೀನು ಎಲ್ಲಿ ಬಂದು ಕುಳಿತರೂ ಅದರೊಳಗಿನ ಸ್ಥಾನಸೂಚನೆಗಳನ್ನು ಆ ಜಾಗಕ್ಕೆ ತಕ್ಕಂತೆ ತಿದ್ದಿಕೊಳ್ಳುತ್ತಿತ್ತು. ಹಿಂದಿರುಗುವ ವಿಷಯಕ್ಕೆ ವೀಲರನ ಉಪಾಯ ಇನ್ನೂ ಸೊಗಸಾದದ್ದು. ಕರೆಯುವ ಪ್ರೋಗ್ರಾಮು ನೆಗೆಯುವ ಮುನ್ನ ತಾನಿರುವ ಸ್ಥಳದ ಗುರುತನ್ನು ಗಣನೆಯ ಪಾತ್ರದಲ್ಲಿ ಇಟ್ಟು ಹೊರಡುತ್ತದೆ. ಸಬ್‌ರುಟೀನು ಮೊದಲ ಕೆಲಸವಾಗಿ ಆ ಗುರುತನ್ನು ಎತ್ತಿಕೊಂಡು, ಅದರಿಂದ ಹಿಂದಿರುಗುವ ಆದೇಶವನ್ನು ರಚಿಸಿ, ತನ್ನ ಕೊನೆಯ ಸಾಲಿನಲ್ಲಿ ತಾನೇ ನೆಟ್ಟುಕೊಳ್ಳುತ್ತದೆ. ಪ್ರೋಗ್ರಾಮು ತನ್ನನ್ನು ತಾನೇ ತಿದ್ದಿಕೊಳ್ಳುವುದು ಇಂದಿನ ಸಂಪ್ರದಾಯಸ್ಥರಿಗೆ ಅನಾಚಾರವೆನಿಸಬಹುದು. ಆದರೆ ಹತ್ತು ಹಲವು ಕಡೆಗಳಿಂದ ಕರೆಸಿಕೊಂಡು ಕರೆದಲ್ಲಿಗೇ ಹಿಂದಿರುಗುವ, ಒಳಗನ್ನು ತೋರಿಸದೆ ಕೆಲಸವನ್ನು ಮಾಡಿಕೊಡುವ ತುಣುಕಿನ ಕಲ್ಪನೆ ನಿಂತದ್ದು ಈ ಒಂದು ನೆಗೆತದ ಮೇಲೆಯೇ.

ಹೀಗೆ ಬೆಳೆದ ಪಟ್ಟಿಗಳನ್ನು ಒಂದು ಉಕ್ಕಿನ ಕಪಾಟಿನಲ್ಲಿ ಜೋಡಿಸಿಟ್ಟರು. ತ್ರಿಕೋನಮಿತಿಗೆ ಟಿ, ಮುದ್ರಣಕ್ಕೆ ಪಿ, ಅನುಕಲನಕ್ಕೆ ಕ್ಯೂ, ಅವಕಲ ಸಮೀಕರಣಗಳಿಗೆ ಜಿ ಎಂಬಂತೆ ಒಂದೊಂದು ವರ್ಗಕ್ಕೂ ಒಂದೊಂದು ಅಕ್ಷರ, ಅದರ ಮುಂದೆ ಕ್ರಮಸಂಖ್ಯೆ. 1951ರ ಹೊತ್ತಿಗೆ ಭಂಡಾರದಲ್ಲಿ 87 ಸಬ್‌ರುಟೀನುಗಳಿದ್ದವು. ಅಗ್ರಹಾರದ ಸಾರ್ವಜನಿಕ ಬಾವಿಗೆ ಹಗ್ಗವನ್ನು ಹೊಸೆಯುವವನು ತನ್ನ ಮನೆಯ ಬಾವಿಯ ಹಗ್ಗಕ್ಕಿಂತ ಎರಡು ಎಳೆ ಹೆಚ್ಚಾಗಿಯೇ ಹಾಕುವಂತೆ, ಈ ಕಪಾಟಿಗೆಂದು ಬರೆದವರು ತಮ್ಮೊಬ್ಬರ ಉಪಯೋಗಕ್ಕೆಂದು ಬರೆಯುವುದಕ್ಕಿಂತ ಹೆಚ್ಚಿನ ಶ್ರದ್ಧೆಯಿಂದ ಬರೆಯಬೇಕಾಯಿತು. ಸ್ಮೃತಿಯ ಒಂದೊಂದು ಸ್ಥಾನವೂ ಅಮೂಲ್ಯವಾದುದರಿಂದ ಚಿಕ್ಕದಾಗಿರಬೇಕು. ಕಾಯುವ ಸರದಿ ಉದ್ದವಾದುದರಿಂದ ಬೇಗನಾಗಬೇಕು. ಎಲ್ಲಕ್ಕಿಂತ ಮಿಗಿಲಾಗಿ, ಬರೆದವನು ಪಕ್ಕದಲ್ಲಿಲ್ಲದಾಗಲೂ ಅಪರಿಚಿತನೊಬ್ಬನು ಅದನ್ನು ಧೈರ್ಯದಿಂದ ಬಳಸುವಂತಿರಬೇಕು.

ಈ ಮೂರನೆಯದರ ಸಲುವಾಗಿ ಪ್ರತಿಯೊಂದು ಸಬ್‌ರುಟೀನಿಗೂ ಒಂದು ವಿವರಣೆಯ ಪತ್ರವಿರುತ್ತಿತ್ತು. ಅದು ಏನನ್ನು ಮಾಡುತ್ತದೆ, ಕೊಡಬೇಕಾದ ಸಂಖ್ಯೆಗಳನ್ನು ಎಲ್ಲಿಡಬೇಕು, ಉತ್ತರ ಎಲ್ಲಿ ಸಿಗುತ್ತದೆ, ಎಷ್ಟು ಸ್ಥಾನಗಳನ್ನು ತಿನ್ನುತ್ತದೆ, ಎಷ್ಟು ಕಾಲ ಹಿಡಿಯುತ್ತದೆ, ಉತ್ತರ ಎಷ್ಟರ ಮಟ್ಟಿಗೆ ನಿಖರ ಎಂಬುದನ್ನೆಲ್ಲ ಅಲ್ಲಿ ಸಂಕ್ಷೇಪವಾಗಿ ನಮೂದಿಸುತ್ತಿದ್ದರು. 1952ರಲ್ಲಿ ಪಿಟ್ಸ್‌ಬರ್ಗಿನ ಸಮ್ಮೇಳನವೊಂದರಲ್ಲಿ ಸಬ್‌ರುಟೀನುಗಳನ್ನು ಕುರಿತು ಎರಡು ಪುಟಗಳ ಪ್ರಬಂಧವನ್ನು ಮಂಡಿಸಿದ ವೀಲರನು, ತುಣುಕನ್ನು ಬರೆದು ಪರೀಕ್ಷೆ ಮಾಡಿ ಮುಗಿಸಿದ ಮೇಲೆಯೂ, ಅದರ ಒಳಗನ್ನು ಅರಿಯದವನು ಅದನ್ನು ಸುಲಭವಾಗಿ ಬಳಸುವಂತೆ ವಿವರಣೆಯನ್ನು ಬರೆಯುವ ಕೆಲಸ ಉಳಿದೇ ಇರುತ್ತದೆಂದೂ, ಎಲ್ಲಕ್ಕಿಂತ ಕಠಿಣವಾದದ್ದು ಪ್ರಾಯಶಃ ಆ ಕೊನೆಯ ಕೆಲಸವೇ ಎಂದೂ ಹೇಳಿದನು. ಈ ವಿದ್ಯೆಯಲ್ಲಿ ಮುಂದೆ ಬಂದ ಗ್ರಂಥರಾಶಿಯನ್ನೆಲ್ಲ ತೂಗಿ ನೋಡಿದರೂ ಇದಕ್ಕಿಂತ ಹೆಚ್ಚು ಸತ್ಯವಾದ, ಹೆಚ್ಚು ಉಪೇಕ್ಷೆಗೆ ಒಳಗಾದ ಮಾತು ಸಿಗುವುದು ವಿರಳ.

ತಪ್ಪನ್ನು ಹುಡುಕುವುದಕ್ಕೂ ಒಂದು ಶಾಸ್ತ್ರ ಬೇಕೆಂದು ಸ್ಟ್ಯಾನ್ಲಿ ಗಿಲ್ ಎಂಬ ಮತ್ತೊಬ್ಬ ತರುಣನು ಕಂಡುಕೊಂಡನು. ಮೊದಮೊದಲು ಯಂತ್ರದ ಮುಂದೆ ಕುಳಿತು, ಗುಂಡಿಯನ್ನೊತ್ತಿ ಒಂದೊಂದೇ ಆದೇಶವನ್ನು ನಡೆಸುತ್ತ, ಸ್ಮೃತಿಯಲ್ಲಿರುವುದನ್ನು ತೋರಿಸುವ ಪರದೆಯ ಚುಕ್ಕೆಗಳನ್ನು ಇಣುಕಿ ನೋಡುವುದೇ ರೂಢಿಯಾಗಿತ್ತು. ಸರದಿಯಲ್ಲಿ ನಿಂತವರ ಪಟ್ಟಿಗಳು ತಂತಿಯ ಮೇಲೆ ಸಾಲಾಗಿ ತೂಗುತ್ತಿರುವಾಗ ಒಬ್ಬನು ಹೀಗೆ ಇಣುಕುತ್ತ ಕುಳಿತರೆ ಹೇಗೆ? ಆದುದರಿಂದ ಯಂತ್ರ ನಿಂತೊಡನೆ ಸ್ಮೃತಿಯ ಬೇಕಾದ ಭಾಗವನ್ನು ಮುದ್ರಿಸಿಕೊಂಡು ಹೋಗಿ ಮೇಜಿನ ಮೇಲೆ ಪರಿಶೀಲಿಸುವ ‘ಪೋಸ್ಟ್ ಮಾರ್ಟಂ’ ಎಂಬ ಕ್ರಮವು ಬಂದಿತು; ಅಂಗರಚನೆಯ ಹಳೆಯ ಶಾಲೆಯಲ್ಲಿ ಈ ಹೆಸರು ಸಲ್ಲುವಂಥದೇ. ಗಿಲ್ಲನು ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಶಂಕಿತ ಪ್ರೋಗ್ರಾಮಿನ ಆದೇಶಗಳನ್ನು ಒಂದೊಂದಾಗಿ ತಾನೇ ನಡೆಸುತ್ತ, ನಡೆದದ್ದನ್ನೆಲ್ಲ ಅಚ್ಚಿಸುತ್ತ ಹೋಗುವ ಪರೀಕ್ಷಕ ಸಬ್‌ರುಟೀನುಗಳನ್ನು ರಚಿಸಿ, 1951ರಲ್ಲಿ ಅವುಗಳ ವಿಷಯವನ್ನು ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟಿಸಿದನು. ತಪ್ಪು ಮಾಡುವುದು ನಾಚಿಕೆಯ ವಿಷಯವಲ್ಲ, ಅಧ್ಯಯನದ ವಿಷಯ ಎಂಬುದು ಅಂಥ ಗಣ್ಯ ಪತ್ರಿಕೆಯಲ್ಲಿ ಅಚ್ಚಾದದ್ದು ಸಣ್ಣ ಸಂಗತಿಯಲ್ಲ. ಅವಕಲ ಸಮೀಕರಣಗಳನ್ನು ಹೆಜ್ಜೆಹೆಜ್ಜೆಯಾಗಿ ಬಿಡಿಸುವ ರುಂಗೆ ಮತ್ತು ಕುಟ್ಟಾರ ವಿಧಾನವನ್ನು ಇಕ್ಕಟ್ಟಾದ ಸ್ಮೃತಿಗೆ ಹೊಂದುವಂತೆಯೂ, ಅಂಕಿಗಳನ್ನು ಮೊಟಕು ಮಾಡುವುದರಿಂದ ಬರುವ ದೋಷವು ಕೂಡಿಕೊಳ್ಳದಂತೆಯೂ ಬದಲಿಸಿದವನೂ ಅವನೇ.

ವಿಲ್ಕ್ಸ್, ವೀಲರ್, ಗಿಲ್ ಮೂವರೂ ಸೇರಿ ಈ ಅನುಭವವನ್ನೆಲ್ಲ 1951ರಲ್ಲಿ ಅಮೆರಿಕದಲ್ಲಿ ಪುಸ್ತಕವಾಗಿ ಹೊರತಂದರು. ಪ್ರೋಗ್ರಾಮು ಬರೆಯುವ ಕಲೆಯನ್ನು ಕುರಿತು ಅಚ್ಚಾದ ಮೊದಲ ಗ್ರಂಥವೆಂಬ ಕೀರ್ತಿ ಅದಕ್ಕೆ ಸಂದಿದೆ. ಅದರ ಬಹುಭಾಗವು ಭಂಡಾರದ ಸಬ್‌ರುಟೀನುಗಳ ವಿವರಣೆಯೂ ಪಾಠವೂ ಆಗಿದೆಯೆಂಬುದೇ ಅದರ ಧೋರಣೆಯನ್ನು ಸಾರುತ್ತದೆ. 1950ರಿಂದ ಪ್ರಯೋಗಶಾಲೆಯಲ್ಲಿ ಬೇಸಗೆಯ ಪಾಠಶಾಲೆಗಳೂ ಆರಂಭವಾದವು. 1951ರಲ್ಲಿ ಹಾಲೆಂಡಿನಿಂದ ಮೂರು ವಾರಗಳ ಮಟ್ಟಿಗೆ ಬಂದು ಕಲಿತುಹೋದ ಭೌತಶಾಸ್ತ್ರದ ವಿದ್ಯಾರ್ಥಿಯೊಬ್ಬನ ಹೆಸರು ಎಡ್ಸ್‌ಗರ್ ಡೈಕ್‌ಸ್ಟ್ರ. ಪ್ರೋಗ್ರಾಮಿನಲ್ಲಿ ಎಲ್ಲಿಂದೆಲ್ಲಿಗೋ ನೆಗೆಯುವ ಆದೇಶಗಳನ್ನು 1968ರಲ್ಲಿ ಖಂಡಿಸಿ ಲೋಕದಲ್ಲೆಲ್ಲ ವಾದವನ್ನೆಬ್ಬಿಸಿದ ಈ ಪುರುಷನು ಮೊದಲ ಪಾಠವನ್ನು ಕಲಿತದ್ದು ನೆಗೆತವೊಂದರ ಚಮತ್ಕಾರಕ್ಕೇ ಹೆಸರಾದ ಊರಿನಲ್ಲಿ.

ಯಂತ್ರದ ಬಾಗಿಲಿಗೆ ಬಂದ ವಿಜ್ಞಾನಿಗಳಲ್ಲಿ, ವಂಶವಾಹಿಗಳ ಹರಡುವಿಕೆಯನ್ನು ಕುರಿತ ಸಮೀಕರಣವೊಂದನ್ನು ವೀಲರನಿಂದ ಬಿಡಿಸಿಕೊಂಡು 1950ರಲ್ಲಿ ಪ್ರಕಟಿಸಿದ ರೊನಾಲ್ಡ್ ಫಿಶರನೂ, ಸ್ನಾಯುವಿನ ಪ್ರೋಟೀನಾದ ಮಯೋಗ್ಲೋಬಿನ್ನಿನ ರಚನೆಯನ್ನು ಹುಡುಕುತ್ತಿದ್ದ ಜಾನ್ ಕೆಂಡ್ರ್ಯೂವೂ ಇದ್ದರು. ನರತಂತುವಿನಲ್ಲಿ ಸಂದೇಶ ಹರಿಯುವ ರೀತಿಯನ್ನು ಸಮೀಕರಣಗಳಲ್ಲಿ ಹಿಡಿದ ಆಂಡ್ರ್ಯೂ ಹಕ್ಸ್‌ಲಿಯ ಪಾಡು ಬೇರೆಯದಾಯಿತು. ಲೆಕ್ಕಕ್ಕೆ ಸಿದ್ಧನಾಗಿ ಬಂದ ಆತನಿಗೆ, ಯಂತ್ರವು ತಿದ್ದುಪಾಟಿಗೆಂದು ಆರು ತಿಂಗಳು ನಿಲ್ಲುತ್ತದೆಂಬ ಉತ್ತರ ದೊರಕಿತು. ಬ್ರುನ್ಸ್‌ವಿಗ ಎಂಬ ಕೈಯಿಂದ ತಿರುಗಿಸುವ ಲೆಕ್ಕದ ಯಂತ್ರವನ್ನು ವಾರಗಟ್ಟಲೆ ತಿರುಗಿಸಿ ಆತನು ತನ್ನ ಉತ್ತರವನ್ನು ಪಡೆದನು. ಆ ಕೆಲಸಕ್ಕೆ 1963ರಲ್ಲಿ ನೊಬೆಲ್ ಪಾರಿತೋಷಕ ಬಂದಿತು. ಒಳ್ಳೆಯ ಲೆಕ್ಕಕ್ಕೆ ವೇಗದ ಯಂತ್ರವೇ ಬೇಕೆನ್ನುವವರು ಈ ಸಂಗತಿಯನ್ನು ಒಮ್ಮೆ ನೆನೆಯಬಹುದು.

ಕೇಂಬ್ರಿಜ್ಜಿನ ಪದ್ಧತಿಗೆ ಒಂದು ಮಿತಿಯಿತ್ತು. ಭಂಡಾರದ ಪಟ್ಟಿಗಳು ಎಡ್ಸಾಕಿನ ಭಾಷೆಯವು. 1958ರಲ್ಲಿ ಎಡ್ಸಾಕನ್ನು ಕಳಚಿದಾಗ ಅವುಗಳ ಆಯುಸ್ಸೂ ಮುಗಿಯಿತು. ಯಂತ್ರವು ಸತ್ತರೂ ಪ್ರೋಗ್ರಾಮು ಬದುಕಬೇಕಾದರೆ ಅದನ್ನು ಯಂತ್ರದ ಭಾಷೆಗಿಂತ ಗಣಿತದ ಭಾಷೆಗೆ ಹತ್ತಿರವಾದುದರಲ್ಲಿ ಬರೆಯಬೇಕು. 1954ರಲ್ಲಿ ಜಾನ್ ಬ್ಯಾಕಸನೂ ಅವನ ಸಂಗಡಿಗರೂ ಐಬಿಎಂ ಸಂಸ್ಥೆಯಲ್ಲಿ ಆರಂಭಿಸಿ 1957ರಲ್ಲಿ ಮುಗಿಸಿದ ಫೋರ್ಟ್ರಾನ್ ಭಾಷೆ ಅಂಥದು. ಭಾಷಾಂತರ ಮಾಡುವ ಪ್ರೋಗ್ರಾಮು ಕೈಬರಹದ ಕುಶಲಿಗಳಷ್ಟು ಚುರುಕಾದ ಆದೇಶಗಳನ್ನು ರಚಿಸಲಾರದೆಂದು ನಗುತ್ತಿದ್ದವರ ಬಾಯನ್ನು ಅದು ಮುಚ್ಚಿಸಿತು. 1958ರ ಎರಡನೆಯ ಆವೃತ್ತಿಯು ಸಬ್‌ರುಟೀನುಗಳನ್ನು ಬಿಡಿಬಿಡಿಯಾಗಿ ಭಾಷಾಂತರಿಸಿ ಜೋಡಿಸುವ ಅನುಕೂಲವನ್ನು ಕೊಟ್ಟು, ಕಪಾಟಿನ ಕಲ್ಪನೆಯನ್ನು ಭಾಷೆಯೊಳಗೇ ತಂದಿತು. ಆದರೆ ಫೋರ್ಟ್ರಾನ್ ಗುಣಗಳ ಜೊತೆಗೆ ದುರಭ್ಯಾಸಗಳನ್ನೂ ಕಲಿಸಿತೆಂದು ಹೇಳದೆ ವಿಧಿಯಿಲ್ಲ. ಹೆಸರೊಂದನ್ನು ಬರೆಯುವಾಗ ಒಂದಕ್ಷರ ತಪ್ಪಿದರೆ ಅದು ಗದರಿಸದೆ, ಹೊಸ ಹೆಸರೆಂದು ಒಪ್ಪಿಕೊಂಡು, ಒಳಗೊಳಗೇ ಲೆಕ್ಕವನ್ನು ಕೆಡಿಸುತ್ತಿತ್ತು. ಎಲ್ಲ ತುಣುಕುಗಳೂ ಕೈಯಾಡಿಸಬಹುದಾದ ‘ಕಾಮನ್’ ಎಂಬ ಸಾಮಾನ್ಯ ಉಗ್ರಾಣವನ್ನು ಅದು ಒದಗಿಸಿದುದರಿಂದ, ಯಾವ ತುಣುಕು ಯಾವಾಗ ಯಾವ ಅಂಕಿಯನ್ನು ಬದಲಿಸಿತೆಂಬುದು ಬರೆದವನಿಗೇ ತಿಳಿಯದಂತಾಯಿತು. ಒಳಗನ್ನು ಮರೆಸಿಟ್ಟುಕೊಳ್ಳುವುದೇ ಒಳ್ಳೆಯ ವಿಭಜನೆಯ ಲಕ್ಷಣವೆಂದು ಡೇವಿಡ್ ಪಾರ್ನಾಸನು 1972ರಲ್ಲಿ ತರ್ಕಬದ್ಧವಾಗಿ ತೋರಿಸುವ ಹೊತ್ತಿಗೆ ಅಂಥ ಉಗ್ರಾಣಗಳ ಪ್ರೋಗ್ರಾಮುಗಳು ಪ್ರಪಂಚದ ಪ್ರಯೋಗಶಾಲೆಗಳಲ್ಲೆಲ್ಲ ತುಂಬಿಹೋಗಿದ್ದವು.

ನಮ್ಮ ದೇಶಕ್ಕೂ ವಿಜ್ಞಾನದ ಗಣನೆ ಬಂದದ್ದು ಬಹುಮಟ್ಟಿಗೆ ಫೋರ್ಟ್ರಾನಿನ ಉಡುಪಿನಲ್ಲಿಯೇ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಓದಿ, 1963ರಲ್ಲಿ ಐಬಿಎಂ 1620 ಯಂತ್ರವು ಬಂದ ಕಾನ್ಪುರದ ಐಐಟಿಯಲ್ಲಿ ಪಾಠ ಹೇಳಿ, 1982ರಲ್ಲಿ ಮತ್ತೆ ಬೆಂಗಳೂರಿನ ಸಂಸ್ಥೆಗೆ ಮರಳಿದ ಪ್ರೊಫೆಸರ್ ವಿ. ರಾಜಾರಾಮನ್ನರ ಅಗ್ಗದ ಬೆಲೆಯ ಪಠ್ಯಪುಸ್ತಕಗಳೇ ಒಂದೆರಡು ಪೀಳಿಗೆಯ ಎಂಜಿನಿಯರುಗಳಿಗೆ ಈ ವಿದ್ಯೆಯ ಅಕ್ಷರಾಭ್ಯಾಸವನ್ನು ಮಾಡಿಸಿದವು.

ಇಲ್ಲಿಯವರೆಗೆ ಹೇಳಿದ್ದು ಬರೆಯುವವನ ತಪ್ಪುಗಳ ಮಾತು. ಬರೆದದ್ದು ಅಕ್ಷರಶಃ ಸರಿಯಾಗಿದ್ದರೂ ಉತ್ತರ ತಪ್ಪಾಗಬಹುದೆಂಬುದು ವಿಜ್ಞಾನದ ಗಣನೆಗೆ ಮಾತ್ರ ವಿಶೇಷವಾದ ಸಂಕಟ. ಯಂತ್ರವು ಪ್ರತಿ ಸಂಖ್ಯೆಯನ್ನೂ ಕೆಲವೇ ಅಂಕಿಗಳಿಗೆ ಮೊಟಕು ಮಾಡುತ್ತದೆ, ಲಕ್ಷಾಂತರ ಮೊಟಕುಗಳು ಕೂಡಿ ಏನಾಗುವುದೋ ಬಲ್ಲವರಾರು? ಏಕಕಾಲಿಕ ಸಮೀಕರಣಗಳನ್ನು ಒಂದೊಂದೇ ಅಜ್ಞಾತವನ್ನು ನೀಗಿಸುತ್ತ ಬಿಡಿಸುವ ಗೌಸನ ಹಳೆಯ ವಿಧಾನವು ದೊಡ್ಡ ಲೆಕ್ಕಗಳಲ್ಲಿ ಈ ಕಾರಣದಿಂದ ಕೈಕೊಡುತ್ತದೆಂದು 1940ರ ದಶಕದಲ್ಲಿ ದೊಡ್ಡವರೇ ಭಯಪಟ್ಟಿದ್ದರು. 1946ರ ಸುಮಾರಿಗೆ ಲಂಡನ್ ಸಮೀಪದ ಟೆಡಿಂಗ್ಟನ್ನಿನ ರಾಷ್ಟ್ರೀಯ ಭೌತ ಪ್ರಯೋಗಶಾಲೆಗೆ 18 ಅಜ್ಞಾತಗಳ ಸಮೀಕರಣ ಸಮೂಹವೊಂದು ಬಂದಾಗ, ಫಾಕ್ಸ್, ಗುಡ್ವಿನ್, ಟ್ಯೂರಿಂಗ್, ವಿಲ್ಕಿನ್ಸನ್ ಎಂಬ ನಾಲ್ವರು ಮೇಜಿನ ಯಂತ್ರಗಳ ಮುಂದೆ ಎರಡು ವಾರಗಳಷ್ಟು ಕಾಲ ಕುಳಿತು ಅದನ್ನು ಬಿಡಿಸಿದರು. ಭಯಪಟ್ಟಂತೆ ಏನೂ ಆಗಲಿಲ್ಲ, ಉತ್ತರವು ಆಶ್ಚರ್ಯಕರವಾಗಿ ನಿಖರವಾಗಿತ್ತು. ಈ ಆಶ್ಚರ್ಯದ ಕಾರಣವನ್ನು ಜೇಮ್ಸ್ ವಿಲ್ಕಿನ್ಸನ್ ಮುಂದಿನ ವರ್ಷಗಳಲ್ಲಿ ಶೋಧಿಸಿದನು. ದೊರೆತ ಉತ್ತರವು ನಿಜವಾದ ಉತ್ತರದಿಂದ ಎಷ್ಟು ದೂರವಿದೆಯೆಂದು ಕೇಳುವ ಬದಲು, ದೊರೆತ ಉತ್ತರವು ಯಾವ ಸಮಸ್ಯೆಗೆ ನಿಜವಾದ ಉತ್ತರವೆಂದು ಕೇಳಬೇಕು. ಆ ಸಮಸ್ಯೆಯು ನಾವು ಕೊಟ್ಟ ಸಮಸ್ಯೆಗೆ ಕೂದಲೆಳೆಯಷ್ಟು ಸಮೀಪದಲ್ಲಿದ್ದರೆ ವಿಧಾನದಲ್ಲಿ ದೋಷವಿಲ್ಲ. ಹಾಗಿದ್ದೂ ಉತ್ತರ ಕೆಟ್ಟರೆ ಸಮಸ್ಯೆಯೇ ಅಷ್ಟು ಸೂಕ್ಷ್ಮವಾದದ್ದೆಂದು ತಿಳಿಯತಕ್ಕದ್ದು. ದೋಷವನ್ನು ವಿಧಾನಕ್ಕೂ ಸಮಸ್ಯೆಗೂ ನ್ಯಾಯವಾಗಿ ಹಂಚಿಕೊಟ್ಟ ಈ ವಿವೇಚನೆಯಿಂದ, ಯಾವ ಸಬ್‌ರುಟೀನನ್ನು ಎಲ್ಲಿಯವರೆಗೆ ನಂಬಬಹುದೆಂದು ಬರೆದುಕೊಡುವುದು ಮೊದಲ ಬಾರಿಗೆ ಸಾಧ್ಯವಾಯಿತು.

ವಿಲ್ಕಿನ್ಸನ್ನನೂ ಕ್ರಿಶ್ಚಿಯನ್ ರೈನ್ಶನೂ ಸಂಪಾದಿಸಿದ ಮಾತೃಕೆಗಳ ಪ್ರೋಗ್ರಾಮುಗಳ ಸಂಪುಟವು 1971ರಲ್ಲಿ ಹೊರಬಂದಿತು. ಆಲ್ಗಾಲ್ ಭಾಷೆಯಲ್ಲಿ ಬರೆದ ಒಂದೊಂದು ಪ್ರೋಗ್ರಾಮಿಗೂ ಅದರ ಗಣಿತ, ಅದು ಸಲ್ಲುವ ಕ್ಷೇತ್ರ, ಕೊಡಬೇಕಾದ ಅಂಕಿಗಳ ಪಟ್ಟಿ, ಪ್ರೋಗ್ರಾಮಿನ ಪಾಠ, ಗಣನೆಯಲ್ಲಿ ಅದರ ನಡವಳಿಕೆ, ಪರೀಕ್ಷೆಯ ಫಲಗಳು ಇವೆಲ್ಲ ಒಂದೇ ಕ್ರಮದಲ್ಲಿ ಬರುತ್ತವೆ; ಕೇಂಬ್ರಿಜ್ಜಿನ ವಿವರಣೆಯ ಪತ್ರವೇ ಇಲ್ಲಿ ಶಾಸ್ತ್ರಗ್ರಂಥವಾಗಿ ಬೆಳೆದಿದೆ. ಅದರೊಳಗಿನ ಐಗನ್ ಮೌಲ್ಯಗಳ ಭಾಗವನ್ನು ಶಿಕಾಗೋ ಬಳಿಯ ಆರ್ಗಾನ್ ಪ್ರಯೋಗಶಾಲೆಯವರು ಫೋರ್ಟ್ರಾನಿಗೆ ತಂದು ಐಸ್‌ಪ್ಯಾಕ್ ಎಂಬ ಹೆಸರಿನಿಂದ 1972ರಲ್ಲಿ ಬಿಡುಗಡೆ ಮಾಡಿದರು. ಸಂಖ್ಯೆಗಳನ್ನು ತಮ್ಮದೇ ರೀತಿಯಲ್ಲಿ ಮೊಟಕು ಮಾಡುವ ಬೇರೆಬೇರೆ ತಯಾರಕರ ಯಂತ್ರಗಳ ಮೇಲೆ, ಬೇರೆಬೇರೆ ಊರುಗಳ ವಿಶ್ವವಿದ್ಯಾನಿಲಯಗಳಲ್ಲಿ ಪರೀಕ್ಷಿಸಿ ನೋಡಿದ ಮೇಲೆಯೇ ಬಿಡುಗಡೆ ಮಾಡಬೇಕೆಂಬ ನಿಯಮವನ್ನು ಅವರು ಇಟ್ಟುಕೊಂಡಿದ್ದರು. 1979ರ ಲಿನ್‌ಪ್ಯಾಕಿನಲ್ಲಿ ಶಿಸ್ತು ಇನ್ನೂ ಬಿಗಿಯಾಯಿತು. ಒಂದು ಪಾಠವನ್ನು ಮಾತ್ರ ಕೈಯಿಂದ ಬರೆದು, ಉಳಿದ ಜಾತಿಯ ಸಂಖ್ಯೆಗಳಿಗೆ ಬೇಕಾದ ಪಾಠಗಳನ್ನು ಯಂತ್ರದಿಂದಲೇ ಹುಟ್ಟಿಸಿ, ಸಾಲುಗಳ ಅಂಚು ಅಂತರಗಳನ್ನು ಕೂಡ ಯಂತ್ರವೇ ಏಕರೂಪವಾಗಿ ಜೋಡಿಸುವಂತೆ ಮಾಡಿದರು. ಮಾತೃಕೆಯ ಸ್ತಂಭಗಳ ಮೇಲೆ ನಡೆಯುವ ಅತಿ ಒಳಗಿನ ಕೂಡಿಕೆ ಗುಣಾಕಾರಗಳನ್ನು ಬ್ಲಾಸ್ ಎಂಬ ಕಿರಿಯ ಭಂಡಾರಕ್ಕೆ ಒಪ್ಪಿಸಿದುದರಿಂದ, ಯಂತ್ರ ಬದಲಾದಾಗ ಆ ಒಳಭಾಗವನ್ನು ಮಾತ್ರ ಹೊಸ ಯಂತ್ರಕ್ಕೆ ತಕ್ಕಂತೆ ಚುರುಕುಗೊಳಿಸಿದರೆ ಸಾಕಾಯಿತು; ಮೇಲಿನ ಪ್ರೋಗ್ರಾಮಿನ ಒಂದಕ್ಷರವನ್ನೂ ಮುಟ್ಟಬೇಕಾಗಿರಲಿಲ್ಲ. ಯಂತ್ರಗಳ ಸ್ಮೃತಿಯೇ ಅಂತಸ್ತುಗಳಾಗಿ ಒಡೆದ ಕಾಲಕ್ಕೆ ಐಸ್‌ಪ್ಯಾಕ್, ಲಿನ್‌ಪ್ಯಾಕ್ ಎರಡನ್ನೂ ಬೆಸೆದು ಹೊಸದಾಗಿ ಕಟ್ಟಿದ ಲಾಪ್ಯಾಕ್ 1992ರಲ್ಲಿ ಬಂದಿತು. ಲಿನ್‌ಪ್ಯಾಕಿನ ಕರ್ತೃಗಳಲ್ಲೊಬ್ಬನಾದ ಕ್ಲೀವ್ ಮೋಲರನು, ತನ್ನ ವಿದ್ಯಾರ್ಥಿಗಳು ಫೋರ್ಟ್ರಾನ್ ಬರೆಯುವ ಕಷ್ಟವಿಲ್ಲದೆ ಈ ಭಂಡಾರಗಳನ್ನು ಬಳಸಲೆಂದು ಮಾಡಿಕೊಟ್ಟ ಸಣ್ಣ ಸಾಧನವೇ ಮ್ಯಾಟ್‌ಲ್ಯಾಬ್. ಇಂದಿನ ವಿದ್ಯಾರ್ಥಿಯು ಅದರಲ್ಲಾಗಲಿ, ಪೈಥಾನಿನ ಗಣಿತ ಭಂಡಾರಗಳಲ್ಲಾಗಲಿ ಒಂದು ಸಾಲನ್ನು ಬರೆದು ಸಮೀಕರಣಗಳನ್ನು ಬಿಡಿಸಿದಾಗ, ಒಳಗೆ ದುಡಿಯುವುದು ಬಹುಪಾಲು ಈ ಲಾಪ್ಯಾಕಿನ ವಂಶವೇ.

ಭಂಡಾರದೊಳಗಿನದು ಹೀಗೆ ಸುಸಂಸ್ಕೃತವಾಯಿತು. ಭಂಡಾರದ ಹೊರಗೆ, ವಿಜ್ಞಾನಿಯು ತನ್ನ ಪ್ರಶ್ನೆಗೆಂದು ತಾನೇ ಬರೆದುಕೊಳ್ಳುವ ಸಾವಿರಾರು ಸಾಲುಗಳಿಗೆ ಆ ಸಂಸ್ಕಾರ ತಲಪಿತೆ? ವಿಜ್ಞಾನಿಗೆ ಪ್ರೋಗ್ರಾಮೆಂಬುದು ದಾರಿ, ಊರಲ್ಲ. ಪ್ರಬಂಧ ಅಚ್ಚಾದರೆ ಅವನ ಕೆಲಸ ಮುಗಿಯಿತು. ತನ್ನ ಉಪಕರಣದ ಮಸೂರದಲ್ಲಿ ಧೂಳಿನ ಕಣವನ್ನು ಸಹಿಸದ ಮನುಷ್ಯನೇ ತನ್ನ ಪ್ರೋಗ್ರಾಮಿನ ಕಸವನ್ನು ನಿಶ್ಚಿಂತೆಯಿಂದ ಸಹಿಸುತ್ತಾನೆ, ಅದು ಬೇರೆ ಯಾರ ಕಣ್ಣಿಗೂ ಬೀಳುವುದಿಲ್ಲವಲ್ಲ! ಇದರ ಫಲವೇನೆಂದು ಪ್ರತ್ಯಕ್ಷವಾಗಿ ಅಳೆದು ನೋಡಿದವನು ಲೆಸ್ ಹ್ಯಾಟನ್ ಎಂಬ ಇಂಗ್ಲಿಷ್ ಭೂಭೌತಜ್ಞ. ಭೂಮಿಯೊಳಕ್ಕೆ ಕಂಪನಗಳನ್ನು ಕಳಿಸಿ, ಮರಳಿ ಬಂದ ಪ್ರತಿಧ್ವನಿಗಳಿಂದ ತೈಲವಿರುವ ಪದರಗಳನ್ನು ಗುರುತಿಸುವ ಉದ್ಯಮದಲ್ಲಿ, ಬೇರೆಬೇರೆ ಸಂಸ್ಥೆಗಳು ಒಂದನ್ನೊಂದು ನೋಡದೆ ಬರೆದುಕೊಂಡಿದ್ದ ಒಂಬತ್ತು ದೊಡ್ಡ ಪ್ರೋಗ್ರಾಮುಗಳಿದ್ದವು. ಭಾಷೆ ಒಂದೇ, ಅನುಸರಿಸುವ ಗಣಿತವೂ ಪ್ರಕಟವಾಗಿರುವ ಒಂದೇ ಗಣಿತ. ಅವೆಲ್ಲಕ್ಕೂ ಒಂದೇ ದತ್ತಾಂಶವನ್ನು ಉಣಿಸಿ, ಹೊರಬಂದ ಉತ್ತರಗಳನ್ನು ಹೆಜ್ಜೆಹೆಜ್ಜೆಗೆ ಹೋಲಿಸಿದ ಹ್ಯಾಟನ್ನನೂ ಅವನ ಸಂಗಡಿಗನೂ 1994ರಲ್ಲಿ ಫಲವನ್ನು ಪ್ರಕಟಿಸಿದರು. ಮೊದಲ ಹೆಜ್ಜೆಗಳಲ್ಲಿ ಆರು ಅಂಕಿಗಳವರೆಗೆ ಒಮ್ಮತದಿಂದಿದ್ದ ಪ್ರೋಗ್ರಾಮುಗಳು ಲೆಕ್ಕದ ತುದಿಯನ್ನು ಮುಟ್ಟುವ ಹೊತ್ತಿಗೆ ಒಂದು ಅಂಕಿಯ ಮಟ್ಟಿಗೆ ಮಾತ್ರ ಒಪ್ಪುತ್ತಿದ್ದವು. ಆ ಒಂದು ಅಂಕಿಯನ್ನು ನಂಬಿ ಬಾವಿಯನ್ನು ಎಲ್ಲಿ ಕೊರೆಯಬೇಕೆಂದು ಭೂವಿಜ್ಞಾನಿಗಳು ನಿರ್ಧರಿಸಬೇಕಾಗಿತ್ತು. ಭಿನ್ನಾಭಿಪ್ರಾಯದ ಮೂಲವನ್ನು ಹುಡುಕುತ್ತ ಹೋದಾಗ ಗಣಿತದಲ್ಲಾಗಲಿ ಯಂತ್ರದ ಮೊಟಕಿನಲ್ಲಾಗಲಿ ಗಹನವಾದದ್ದೇನೂ ಸಿಗಲಿಲ್ಲ. ಸಿಕ್ಕವುಗಳಲ್ಲಿ, ಸಂಖ್ಯೆಗಳ ಸಾಲೊಂದನ್ನು ಎಣಿಸುವಾಗ ಒಂದು ಮನೆ ಹೆಚ್ಚಾಗಿಯೋ ಕಡಿಮೆಯಾಗಿಯೋ ಎಣಿಸಿದಂತಹ ತಪ್ಪುಗಳಿದ್ದವು.